ರಾಯಚೂರು ಬಿಸಿಲಿಗೆ ಜಗ್ಗದ ಇಂಕ್ ಪೆನ್ನು: ನನ್ನ ಅನುಭವ

ಗಂಜಿನ, ಅಂದರೆ ಕೃಷಿ ಮಾರುಕಟ್ಟೆಯ, ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಇಂಕ್ ಪೆನ್ನಿನಲ್ಲೇ ಖಾತೆ ಬರೆಯುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ‘ಏಪ್ರಿಲ್ ಬರಲಿ, ನಿನ್ನ ಅಂಗಿ ಕಿಸೆ ನೋಡ್ತೀವಿ’ ಅಂದರು. ಏಪ್ರಿಲ್ ಬಂತು, ಮೇ ಬಂತು, ಮತ್ತೊಂದು ವರ್ಷದ್ದೂ ಬಂದು ಹೋಯಿತು. ಕಿಸೆ ಬೆಳ್ಳಗೇ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮಸಿ ತುಂಬುವುದು, ತೊಳೆಯುವುದು ನಿಮಗೆಲ್ಲ ಗೊತ್ತು. ಅದನ್ನು ಬಿಟ್ಟು ಉಳಿದದ್ದು ಹೇಳುತ್ತೇನೆ.

ಮೊದಲು ದುಡ್ಡಿನ ಮಾತು. ಹತ್ತು ರೂಪಾಯಿಯ ಜೆಲ್ ಪೆನ್ನು ನನ್ನ ಕೈಯಲ್ಲಿ ಮೂರು ನಾಲ್ಕು ದಿನ ಬಾಳುತ್ತಿತ್ತು. ವರ್ಷಕ್ಕೆ ಸಾವಿರ ರೂಪಾಯಿ ಹತ್ತಿರ ಆಗುತ್ತಿತ್ತು. ಈಗ 60 ಮಿಲಿಯ ಬಾಟಲಿ ಎರಡು ತಿಂಗಳು ಬರುತ್ತದೆ. ನಾನು ಕೊಂಡಾಗ ಅದು 40 ರೂಪಾಯಿ ಆಸುಪಾಸು ಇತ್ತು. ಹಾಗಾದರೆ ಉಳಿತಾಯ ಎಷ್ಟು ಅಂತ ಕೇಳಬೇಡಿ, ಹಾಳಾದ ಪೆನ್ನುಗಳಿಗೇ ಎರಡು ಸಾವಿರ ಹೋಗಿದೆ. ಮನೆಯಲ್ಲಿ ಈ ಲೆಕ್ಕ ಇನ್ನೂ ಹೇಳಿಲ್ಲ.

ಮೊದಲನೆಯದು ನಿಬ್ಬಿನ ತುದಿ ಮಾತ್ರ ಕಾಣುವ ಚೀನಾ ಪೆನ್ನು. ಬರವಣಿಗೆ ಬೆಣ್ಣೆ. ಆದರೆ ಕ್ಯಾಪು ತಳ್ಳಿ ಹಾಕುವ ನಮೂನೆ, ಗಾಳಿ ಒಳಗೆ ಓಡಾಡುತ್ತದೆ. ಮಧ್ಯಾಹ್ನ ಊಟಕ್ಕೆ ಹೋಗಿ ಬಂದರೆ ನಿಬ್ಬು ಒಣಗಿರುತ್ತಿತ್ತು. ಎರಡನೆಯದು ಒಳ್ಳೆ ಹೆಸರಿನ ಕಂಪನಿಯದು, ಆರುನೂರು ಕೊಟ್ಟೆ. ಕ್ಲಿಪ್ಪಿನ ಹತ್ತಿರ ಕ್ಯಾಪಿಗೆ ಸಣ್ಣ ತೂತು ಇತ್ತು. ಅದಕ್ಕೆ ಮೇಣ ಹಚ್ಚಿದೆ, ಮೇ ತಿಂಗಳಲ್ಲಿ ಮೇಣವೇ ಮೆತ್ತಗಾಯಿತು. ಅಲ್ಲಿಂದ ಮುಂದೆ ತಿರುಪಿನ ಕ್ಯಾಪು ಇಲ್ಲದ ಪೆನ್ನನ್ನು ನಾನು ಕೈಯಲ್ಲೂ ಹಿಡಿಯುವುದಿಲ್ಲ. ನಮ್ಮ ಕಡೆ ಒಣ ಗಾಳಿಗೆ ಇದೊಂದು ನಿಯಮ ಇಟ್ಟುಕೊಳ್ಳಿ, ಅರ್ಧ ತಲೆನೋವು ಹೋಗುತ್ತದೆ.

ಈಗ ಕೈಯಲ್ಲಿರುವವು ಎರಡೇ. ಏರ್‌ಮೇಲ್ 69, ಮುಂಬೈಯದು, 200-250 ಕೊಟ್ಟಿರಬೇಕು. ಇನ್ನೊಂದು ಶಾಲೆ ಹುಡುಗರ ಕ್ಯಾಮ್ಲಿನ್, ನೂರರ ಒಳಗೆ ಸಿಕ್ಕಿತ್ತು. ಎರಡೂ ಡ್ರಾಪರಿನಿಂದ ನೇರ ಹೊಟ್ಟೆಗೇ ಮಸಿ ತುಂಬುವವು. ‘ಡ್ರಾಪರ್ ಪೆನ್ನು ಬಿಸಿಲಿಗೆ ಕಕ್ಕುತ್ತದೆ’ ಅಂತ ಎಲ್ಲರೂ ಹೆದರಿಸುವುದು ಇವುಗಳ ಬಗ್ಗೆಯೇ. ಕಕ್ಕುತ್ತದೆ, ಸುಳ್ಳಲ್ಲ. ಆದರೆ ಯಾವಾಗ ಅಂತ ಯಾರೂ ಸರಿಯಾಗಿ ನೋಡಿಲ್ಲ.

ಕೇಳಿ. ಮೇ ಮಧ್ಯಾಹ್ನ ಅಂಗಡಿಯಲ್ಲಿ 42 ಡಿಗ್ರಿ ಇರುತ್ತದೆ. ಕೈ ಅದಕ್ಕಿಂತ ತಂಪು. ಪೆನ್ನು ಹಿಡಿದರೆ ಒಳಗಿನ ಗಾಳಿ ಹಿಗ್ಗುವುದು ಎಲ್ಲಿಂದ? ಜನವರಿ ಮುಂಜಾನೆ ನೋಡಿ. ಪೆನ್ನು 18 ಡಿಗ್ರಿಯಲ್ಲಿ ಮಲಗಿದೆ, ಕೈ 33ರ ಸುಮಾರು. ಹಿಡಿದ ಸ್ವಲ್ಪ ಹೊತ್ತಿಗೆ ಒಳಗಿನ ಗಾಳಿ ನೂರಕ್ಕೆ ಐದರಷ್ಟು ಹಿಗ್ಗುತ್ತದೆ. ಪೆನ್ನಿನಲ್ಲಿ 2 ಮಿಲಿ ಗಾಳಿ ಇದ್ದರೆ ಎರಡು ಹನಿ ಮಸಿ ಹೊರಗೆ ಬರಲೇಬೇಕು. ನನ್ನ ಖಾತೆ ಪುಸ್ತಕದ ಕಲೆಗಳ ತಾರೀಖು ನೋಡಿದರೆ ಹೆಚ್ಚಿನವು ಚಳಿಗಾಲದ ಮುಂಜಾನೆಯವು! ಬೇಸಿಗೆಯಲ್ಲಿ ಕಕ್ಕಿದ್ದು ಬೈಕಿನ ಡಿಕ್ಕಿಯಲ್ಲಿ ಇಟ್ಟಾಗ ಮಾತ್ರ.

ಹಾಗಾಗಿ ಉಪಾಯ ಸರಳ. ಗಾಳಿಗೆ ಜಾಗ ಕೊಡಬಾರದು. ಮೂರರಲ್ಲಿ ಎರಡು ಪಾಲಿಗಿಂತ ಕೆಳಗೆ ಮಸಿ ಇಳಿಯಲು ಬಿಡುವುದಿಲ್ಲ. ದಿನಾ ಸಂಜೆ ಕತ್ತಿನವರೆಗೆ ತುಂಬುತ್ತೇನೆ. ಚಳಿಗಾಲದಲ್ಲಿ ಕ್ಯಾಪು ತೆಗೆಯುವ ಮುಂಚೆ ಪೆನ್ನನ್ನು ನಿಬ್ಬು ಮೇಲೆ ಮಾಡಿ ಮುಷ್ಟಿಯಲ್ಲಿ ಹಿಡಿದು ಚಹಾ ಕುಡಿಯುತ್ತೇನೆ. ಹಿಗ್ಗಿದ ಗಾಳಿ ಮಸಿಯನ್ನು ತಳ್ಳದೆ ತಾನೇ ಮೇಲಿಂದ ಹೋಗುತ್ತದೆ. ಕಿಸೆಯಲ್ಲೂ ಯಾವಾಗಲೂ ನಿಬ್ಬು ಮೇಲೆ.

ಮಸಿ ಸೋರದಿರಲಿ ಅಂತ ಪೆನ್ನಿನ ತಿರುಪಿಗೆ ವ್ಯಾಸಲೀನ್ ಹಚ್ಚುವವರು ಇದ್ದಾರೆ. ನಮ್ಮ ಬಿಸಿಲಿಗೆ ಅದು ಎಣ್ಣೆಯಂತೆ ಹರಿದು ಮಸಿಯೊಳಗೆ ಇಳಿಯಿತು, ಪೆನ್ನು ಬರೆಯುವುದೇ ನಿಲ್ಲಿಸಿತು. ಸಿಲಿಕಾನ್ ಗ್ರೀಸ್ ಬೇಕು. ದೊಡ್ಡ ಊರಿಗೆ ಹೋಗಬೇಕಿಲ್ಲ, ಮನೆಗೆ ಆರ್‌ಓ ಫಿಲ್ಟರ್ ರಿಪೇರಿಗೆ ಬರುವ ಹುಡುಗನ ಹತ್ತಿರ ಇರುತ್ತದೆ. ಕಡಲೆಕಾಳಿನಷ್ಟು ಕೊಟ್ಟರೆ ಆರು ತಿಂಗಳಿಗೆ ಸಾಕು. ತೊಳೆಯಲು ಬೋರ್ ನೀರು ಮುಟ್ಟಬೇಡಿ, ನಿಬ್ಬಿಗೆ ಕೆಳಗಿಂದ ಮಸಿ ತರುವ ನಾಲಿಗೆಯ ಸಂದಿಯಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ಇನ್ವರ್ಟರಿಗೆ ಹಾಕುವ ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್) ಇದೆಯಲ್ವಾ, ಅದೇ ಸಾಕು. ಬೇಸಿಗೆಯಲ್ಲಿ ಮಸಿ ದಪ್ಪ ಆದರೂ ಅದನ್ನೇ ಎರಡು ಹನಿ ಹಾಕುತ್ತೇನೆ.

ನಿಬ್ಬಿನ ವಿಷಯ ಬೇರೆ. ಇಂಗ್ಲಿಷ್ ಬರೆದು ನೋಡಿ ಪೆನ್ನು ಕೊಳ್ಳಬೇಡಿ. ಕನ್ನಡದ ಸುತ್ತುಗಳಲ್ಲಿ ನಿಬ್ಬನ್ನು ಎಲ್ಲ ದಿಕ್ಕಿಗೂ ತಳ್ಳಬೇಕಾಗುತ್ತದೆ. ಅಂಗಡಿಯಲ್ಲಿ ನಾನು ಬರೆದು ನೋಡುವುದು ‘ಝ’ ಮತ್ತು ‘ಶಾಸ್ತ್ರಿ’. ‘ಝ’ ಬರೆಯುವಾಗ ಮೇಲಕ್ಕೆ ತಳ್ಳುವ ಕಡೆ ಕಾಗದ ಕೆರೆದರೆ ಆ ನಿಬ್ಬು ಬೇಡ. ‘ಸ್ತ್ರಿ’ಯ ಒತ್ತಕ್ಷರಗಳು ಕೆಳಗಿನ ಗೆರೆಗೆ ತಾಗಿ ಮುದ್ದೆಯಾದರೆ ನಿಬ್ಬು ದಪ್ಪ. ಖಾತೆ ಪುಸ್ತಕದ ಗೆರೆಗಳ ನಡುವೆ ಸಣ್ಣ ನಿಬ್ಬೇ ಬೇಕು, ಸಣ್ಣ ನಿಬ್ಬೇ ಕೆರೆಯುವುದೂ ಜಾಸ್ತಿ. ಗಡಿಯಾರ ರಿಪೇರಿಯವರ ಭೂತಗನ್ನಡಿಯಲ್ಲಿ ನೋಡಿದರೆ ತುದಿಯ ಎರಡು ಹಲ್ಲುಗಳಲ್ಲಿ ಒಂದು ಕೂದಲೆಳೆಯಷ್ಟು ಮೇಲೆ ಇರುತ್ತದೆ. ಉಗುರಿನಲ್ಲಿ ಒತ್ತಿ ಸಮ ಮಾಡಿದರೆ ಮುಕ್ಕಾಲು ಕೆಲಸ ಮುಗಿಯಿತು. ಉಳಿದ ಕಾಲು ಪಾಲಿಗೆ ಅಕ್ಕಸಾಲಿಗರ ಅಂಗಡಿಯ ಒಂದು ಪುಡಿ ಬಳಸುತ್ತೇನೆ. ಹೆಸರು ಹೇಳುವುದಿಲ್ಲ. ಹುಡುಕಿ, ಸಿಗುತ್ತದೆ.

ಹೈದರಾಬಾದಿಗೆ ಹೋದಾಗ ಅಬಿಡ್ಸ್‌ನ ಡೆಕ್ಕನ್ ಪೆನ್ ಸ್ಟೋರ್ಸ್‌ಗೆ ಹೋಗಿದ್ದೆ. 1928ರಿಂದ ಇರುವ ಅಂಗಡಿ. ಎಬೊನೈಟ್ (ಗಟ್ಟಿ ರಬ್ಬರ್) ಪೆನ್ನುಗಳನ್ನು ನೋಡಿ ಕೈ ತುರಿಸಿತು, ಕಿಸೆ ಬೇಡ ಅಂದಿತು. ಎಬೊನೈಟ್ ನಾಲಿಗೆ ಇರುವ ಅಗ್ಗದ ಪೆನ್ನು ಸಿಕ್ಕರೆ ಮಾತ್ರ ಬಿಡಬೇಡಿ. ಬಿಸಿನೀರಲ್ಲಿ ಅದ್ದಿ ಒತ್ತಿದರೆ ನಿಬ್ಬಿಗೆ ಅಂಟಿ ಕೂರುತ್ತದೆ. ಪ್ಲಾಸ್ಟಿಕ್ ನಾಲಿಗೆ ಹಾಗೆ ಮಾತು ಕೇಳುವುದಿಲ್ಲ.

ನಡುವೆ ಮನೆಯಲ್ಲೇ ಮಸಿ ಮಾಡುವ ಹುಚ್ಚೂ ಹಿಡಿದಿತ್ತು. ಅಳಲೆಕಾಯಿ ಕುದಿಸಿ, ಅನ್ನಭೇದಿ ಹಾಕಿ ಹಳೇ ಕಾಲದ ಕಪ್ಪು ಮಸಿ ಮಾಡಿದೆ. ಬರೆದಾಗ ತಿಳಿ, ಮರುದಿನಕ್ಕೆ ಕಡುಗಪ್ಪು, ನೀರು ಬಿದ್ದರೂ ಹೋಗಲಿಲ್ಲ. ಆದರೆ ಸ್ಟೀಲ್ ನಿಬ್ಬನ್ನು ತಿಂದು ಹಾಕಿತು. ಅದ್ದಿ ಬರೆಯುವ ಕಡ್ಡಿಗೆ ಬೇಕಾದರೆ ಬಳಸಿ, ಪೆನ್ನಿಗೆ ಬೇಡ. ಅಂಗಡಿ ಮಸಿಯನ್ನು ಕಾಗದದ ಮೇಲೆ ಬರೆದು ಮಾಳಿಗೆಯ ಬಿಸಿಲಿಗೂ ಇಟ್ಟು ನೋಡಿದೆ. ತೊಳೆದರೆ ಹೋಗುವ ರಾಯಲ್ ಬ್ಲೂ ಕೆಲವೇ ವಾರಗಳಲ್ಲಿ ಮಾಸಿತು. ಬ್ರಿಲ್ ಬ್ಲೂ-ಬ್ಲ್ಯಾಕ್ ಓದುವ ಹಾಗೆ ಉಳಿಯಿತು. ಖಾತೆಗೆ ಅದನ್ನೇ ಇಟ್ಟುಕೊಂಡಿದ್ದೇನೆ. ಅದಕ್ಕೆ ಇನ್ನೊಂದು ವಸ್ತು ಕಡ್ಡಿ ತುದಿಯಷ್ಟು ಸೇರಿಸುತ್ತೇನೆ, ಅದೂ ನನ್ನ ಹತ್ತಿರವೇ ಇರಲಿ.

ಹತ್ತಿ ಸುಗ್ಗಿ ಶುರುವಾದರೆ ಮಾತ್ರ ಇದ್ಯಾವುದೂ ಸಾಲದು. ಗಾಳಿಯಲ್ಲಿ ಹಾರುವ ಎಳೆ ಬಂದು ನಿಬ್ಬಿನ ಸೀಳಿಗೆ ಸಿಕ್ಕಿಕೊಂಡು ಅಕ್ಷರಕ್ಕೆಲ್ಲ ಮೀಸೆ ಬರುತ್ತದೆ. ಹಳೇ ಎಕ್ಸ್‌ರೇ ಫಿಲ್ಮಿನ ತುಂಡೊಂದನ್ನು ಖಾತೆ ಪುಸ್ತಕದಲ್ಲೇ ಇಟ್ಟಿರುತ್ತೇನೆ, ಸೀಳಿನಲ್ಲಿ ಒಮ್ಮೆ ಎಳೆದರೆ ಎಳೆ ಬರುತ್ತದೆ. ತೂಕದ ಚೀಟಿಗೆ ಕಾರ್ಬನ್ ಇಟ್ಟು ಬರೆಯಬೇಕು, ಅಲ್ಲಿ ಇಂಕ್ ಪೆನ್ನಿನ ಆಟ ನಡೆಯುವುದಿಲ್ಲ. ಒತ್ತಿದರೆ ನಿಬ್ಬು ಬಾಯಿ ಬಿಡುತ್ತದೆ. ಅದಕ್ಕೆ ಐದು ರೂಪಾಯಿಯ ಬಾಲ್ ಪೆನ್ನನ್ನು ದಾರ ಕಟ್ಟಿ ತಕ್ಕಡಿಗೇ ನೇತುಹಾಕಿದ್ದೇನೆ.