ನೀರು ಬಿಟ್ಟುಹೋದ ಗೆರೆಯ ಬೆನ್ನು ಹಿಡಿದು

ಹಾಸನ ಜಿಲ್ಲೆಯಲ್ಲಿ ಕ್ಯಾಮೆರಾ ಹಿಡಿದವರಿಗೆ ವಿಷಯದ ಬರವಿಲ್ಲ. ಬೇಲೂರು, ಹಳೇಬೀಡಿನ ಶಿಲ್ಪಗಳನ್ನು ತೆಗೆಯದವರೇ ಕಡಿಮೆ. 2023ರಲ್ಲಿ ಅವು ಯುನೆಸ್ಕೊ ಪಟ್ಟಿಗೆ ಸೇರಿದ ಮೇಲಂತೂ ಹೇಳುವುದೇ ಬೇಡ. ನನ್ನ ಚಿತ್ರ ಸರಣಿಗೆ ಬೇಕಾಗಿದ್ದು ಬೀದಿ, ಕಟ್ಟಡ, ಬಯಲು ಮೂರನ್ನೂ ಒಂದೇ ದಾರದಲ್ಲಿ ಪೋಣಿಸಬಲ್ಲ ವಿಷಯ. ಸಕಲೇಶಪುರದ ಮಳೆಗಾಲ ಅದನ್ನು ಕೊಟ್ಟಿತು: ಗೋಡೆಯ ಮೇಲೆ ನೀರು ಬಿಟ್ಟುಹೋಗುವ ಗೆರೆ.

ಮಲೆನಾಡಿನ ಹಂಚಿನ ಮನೆಗಳ ಗೋಡೆ ನೋಡಿ. ಸೂರಿನ ನೀರು ಧಾರೆಯಾಗಿ ಬಿದ್ದಲ್ಲಿಂದ ಕೆಮ್ಮಣ್ಣು ಸಿಡಿದು, ಸುಣ್ಣದ ಗೋಡೆಯ ಬುಡ ಮೊಣಕಾಲೆತ್ತರಕ್ಕೆ ಕೆಂಪಾಗಿರುತ್ತದೆ. ಅದರ ಮೇಲೆ ಪಾಚಿ ಹಸಿರು, ಇನ್ನೂ ಮೇಲೆ ಬಿಳಿ. ಸೂರು ಎಷ್ಟು ಮುಂದೆ ಚಾಚಿದೆ, ಜಗಲಿ ಎಷ್ಟು ಎತ್ತರ, ಮಳೆ ಯಾವ ದಿಕ್ಕಿನಿಂದ ಹೊಡೆಯುತ್ತದೆ ಎನ್ನುವುದೆಲ್ಲ ಆ ಗೆರೆಯಲ್ಲಿದೆ. ಕೆಲವರು ಮಳೆ ಹೊಡೆಯುವ ಕಡೆಗೆ ಅಡಿಕೆ ಸೋಗೆ ಕಟ್ಟುತ್ತಾರೆ, ಈಗೀಗ ಹೆಚ್ಚಾಗಿ ನೀಲಿ ಟಾರ್ಪಾಲು. ಸೋಗೆ ಬಿಚ್ಚಿದ ಮೇಲೆ ಗೋಡೆಯಲ್ಲಿ ಉಳಿಯುವ ಗುರುತು ನನಗೆ ಶಿಲ್ಪದಷ್ಟೇ ಮುಖ್ಯ.

ಮೋಡದ ದಿನ ಬಿಳಿ ಗೋಡೆಯನ್ನು ಕ್ಯಾಮೆರಾ ತನ್ನಷ್ಟಕ್ಕೆ ಬಿಟ್ಟರೆ ಬೂದಿ ಬಣ್ಣ ಮಾಡಿಬಿಡುತ್ತದೆ. ಹಾಗಾಗಿ ಎಕ್ಸ್‌ಪೋಷರ್ ಒಂದು ಸ್ಟಾಪ್ ಹೆಚ್ಚಿಸುತ್ತೇನೆ, ಅಂದರೆ ಎರಡರಷ್ಟು ಬೆಳಕು ಬಿಡುತ್ತೇನೆ, ಆಕಾಶವನ್ನು ಚೌಕಟ್ಟಿನಿಂದ ಹೊರಗಿಡುತ್ತೇನೆ. ಬಣ್ಣದ ಛಾಯೆ ಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಇಡುವುದಿಲ್ಲ. ಇಟ್ಟರೆ ಒಂದು ಮನೆಯ ಕೆಂಪು ಇನ್ನೊಂದು ಮನೆಯ ಕೆಂಪಿನ ಜೊತೆ ಹೊಂದುವುದಿಲ್ಲ. ಯಾರಾದರೂ ಕಾಫಿಗೆ ಒಳಗೆ ಕರೆದರೆ ಕ್ಯಾಮೆರಾ ಚೀಲದಲ್ಲೇ ಇರಲಿ. ಹೊರಗಿನ ಚಳಿಯಲ್ಲಿದ್ದ ಲೆನ್ಸ್ ಒಲೆಯ ಬಿಸಿಗೆ ಕೂಡಲೇ ಮಂಜಾಗುತ್ತದೆ.

ಒಬ್ಬ ಅಜ್ಜಿ ಜಗಲಿಯಿಂದಲೇ ಕೇಳಿದರು: "ಏನಪ್ಪ, ಹೊಲಸು ಗೋಡೆ ಫೋಟೋ ಯಾಕೆ ತೆಗೀತೀಯ? ದೀಪಾವಳಿಗೆ ಸುಣ್ಣ ಹೊಡೆಸ್ತೀವಿ, ಆಗ ಬಾ." ಮಳೆ ಗೆರೆ ಹಾಕುತ್ತದೆ, ಮನೆಯವರು ಅಳಿಸುತ್ತಾರೆ, ಆಷಾಢ ಬಂದರೆ ಮತ್ತೆ ಗೆರೆ. ಈ ಸುತ್ತು ನನಗೆ ಹೊಳೆದದ್ದು ಅವರ ಮಾತಿನಿಂದ. ಅವರು ಹೇಳಿದಂತೆ ದೀಪಾವಳಿಗೆ ಹೋಗಿ ತೆಗೆದೆ. ಈಗ ಸರಣಿಯಲ್ಲಿ ಬೀದಿಯ ಮನೆಗಳೆಲ್ಲ ಜೋಡಿ ಚಿತ್ರಗಳು, ಮಳೆಯ ಗೋಡೆ ಮತ್ತು ಸುಣ್ಣದ ಗೋಡೆ. ಅಜ್ಜಿಗೆ ಪ್ರಿಂಟ್ ಕೊಟ್ಟಾಗ ಸುಣ್ಣದ್ದನ್ನೇ ಇಟ್ಟುಕೊಂಡರು.

ಇದೇ ಗೆರೆ ದೊಡ್ಡದಾಗಿ ಕಾಣುವುದು ಶೆಟ್ಟಿಹಳ್ಳಿಯಲ್ಲಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚು ಈಗ ಆ ಊರನ್ನು ಮುಳುಗಿಸಿದ ಗೊರೂರು ಅಣೆಕಟ್ಟೆಯ ಹಿನ್ನೀರಿನಲ್ಲಿದೆ. ಚಾವಣಿ ಹೋಗಿದೆ, ಕಮಾನುಗಳು, ಗೋಡೆಗಳು ನಿಂತಿವೆ. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಒಳಗೆ ನಡೆದುಕೊಂಡು ಹೋಗಬಹುದು. ಜಲಾಶಯದ ಗರಿಷ್ಠ ಮಟ್ಟ ಸಮುದ್ರ ಮಟ್ಟದಿಂದ 2922 ಅಡಿ. ಅಂದಂದಿನ ಮಟ್ಟ ಪತ್ರಿಕೆಯಲ್ಲಿ ಬರುತ್ತದೆ. ನಾನು ಹೊರಡುವುದು ಆ ಅಂಕಿ ನೋಡಿಯೇ. ಪ್ರತಿ ಚಿತ್ರದ ಹಿಂದೆ ತಾರೀಖಿನ ಜೊತೆ ಅದನ್ನೂ ಬರೆದಿಡುತ್ತೇನೆ.

ಇಲ್ಲಿ ಪ್ರತಿ ಸಲವೂ ಅದೇ ಜಾಗದಿಂದ ತೆಗೆಯಬೇಕು. ದಡ ಮುಂದೆ ಹಿಂದೆ ಸರಿಯುವುದರಿಂದ ನೆಲದ ಗುರುತು ನಂಬುವಂತಿಲ್ಲ. ನೀರು ಮುಟ್ಟದ ದಿಬ್ಬವೊಂದನ್ನು ಆರಿಸಿಕೊಂಡು, ಗೋಪುರದ ಅಂಚು ಹಿಂದಿನ ದಡದ ಮರಕ್ಕೆ ಸರಿಯಾಗಿ ತಾಗುವವರೆಗೆ ಎಡಕ್ಕೆ ಬಲಕ್ಕೆ ಸರಿಯುತ್ತೇನೆ. ಒಂದು ಹೆಜ್ಜೆ ತಪ್ಪಿದರೂ ಗೊತ್ತಾಗುತ್ತದೆ. ಲೆನ್ಸ್ 50 ಎಂಎಂ, ಬದಲಿಸುವುದಿಲ್ಲ. ಕ್ಯಾಮೆರಾ ಮೇಲಕ್ಕೆ ವಾಲಿದರೆ ಗೋಡೆಗಳು ಒಂದಕ್ಕೊಂದು ವಾಲಿದಂತೆ ಬರುತ್ತವೆ, ಆದ್ದರಿಂದ ಲೆವೆಲ್ ನೋಡದೆ ಒತ್ತುವುದಿಲ್ಲ. ಚರ್ಚಿನ ಪ್ರತಿಬಿಂಬ ಒಡೆಯದೆ ನೀರಿನಲ್ಲಿ ನಿಲ್ಲುವುದು ಬೆಳಗ್ಗೆ ಗಾಳಿ ಏಳುವ ಮುಂಚೆ ಮಾತ್ರ. ಮತ್ತೊಂದು ಮಾತು: ದಯವಿಟ್ಟು ಆ ಗೋಡೆ ಹತ್ತಬೇಡಿ. ಒಳ್ಳೆಯ ಕೋನಕ್ಕಾಗಿ ಹತ್ತುವವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ವರ್ಷವರ್ಷವೂ ನೆನೆದು ಒಣಗಿದ ಗೋಡೆ ಅದು.

ಹಳೇಬೀಡಿನ ಬಳಿ ಹುಲಿಕೆರೆಯ ಹೊಯ್ಸಳರ ಕಲ್ಯಾಣಿಯಲ್ಲೂ ತೆಗೆದೆ. ಅಲ್ಲಿ ಮೆಟ್ಟಿಲೇ ಅಳತೆಗೋಲು. ನೀರು ಇಳಿದಂತೆ ಒಂದೊಂದು ಮೆಟ್ಟಿಲು ಬಣ್ಣ ಬದಲಿಸಿ ಹೊರಬರುತ್ತದೆ. ಹೊಳಪು ತೆಗೆಯುವ ಪೋಲರೈಸರ್ ಫಿಲ್ಟರ್ ಹಾಕಲಿಲ್ಲ. ಒದ್ದೆ ಕಲ್ಲಿನ ಹೊಳಪನ್ನು ತೆಗೆದರೆ ಅದು ಒದ್ದೆ ಕಲ್ಲೇ ಅಲ್ಲ.

ಅತಿ ಹೆಚ್ಚು ತಲೆ ಕೆಡಿಸಿಕೊಂಡದ್ದು ಚಿತ್ರಗಳನ್ನು ಸಾಲಾಗಿ ಇಡುವಾಗ. ಬೀದಿಯ ಗೋಡೆ, ಕಲ್ಯಾಣಿ ಎಲ್ಲದರಲ್ಲೂ ಗೆರೆಯನ್ನು ಕೆಳಗಿನಿಂದ ಮೂರನೇ ಒಂದು ಭಾಗದಲ್ಲೇ ಇಟ್ಟಿದ್ದೇನೆ. ಒಂದೇ ಅಳತೆಯಲ್ಲಿ ಪ್ರಿಂಟ್ ಮಾಡಿ ಪಕ್ಕಪಕ್ಕ ತೂಗುಹಾಕಿದರೆ ಒಂದೇ ನೀರು ಸಕಲೇಶಪುರದಿಂದ ಹಳೇಬೀಡಿನವರೆಗೆ ನಿಂತ ಹಾಗೆ ಕಾಣುತ್ತದೆ. ಚರ್ಚಿನಲ್ಲಿ ಇದು ಆಗುವುದಿಲ್ಲ: ಗೆರೆ ನಿಲ್ಲಿಸಬೇಕಾದರೆ ಕ್ಯಾಮೆರಾ ಸರಿಸಬೇಕು, ಸರಿಸಿದರೆ ನೀರು ಏರಿಳಿದದ್ದೇ ಕಾಣುವುದಿಲ್ಲ. ಬಹಳ ಯೋಚಿಸಿ, ಚರ್ಚಿನ ಚಿತ್ರಗಳಲ್ಲಿ ಕಟ್ಟಡವನ್ನು ನಿಲ್ಲಿಸಿ ನೀರನ್ನು ಓಡಾಡಲು ಬಿಟ್ಟೆ. ಸಾಲಿನ ನಡುವೆ ಅಲ್ಲಿ ಮಾತ್ರ ಗೆರೆ ಏರಿ ಇಳಿಯುತ್ತದೆ. ಊರನ್ನು ಮುಳುಗಿಸಿದ ನೀರಿಗೂ ಸೂರಿನಿಂದ ಸುರಿದ ನೀರಿಗೂ ಆ ವ್ಯತ್ಯಾಸ ಇರಲೇಬೇಕು ಎಂದು ನನಗನ್ನಿಸಿತು.

ಇನ್ನೊಂದು ಕೊರತೆ ಉಳಿದಿದೆ. ಅಣೆಕಟ್ಟೆಗೆ ಮುಂಚಿನ ಶೆಟ್ಟಿಹಳ್ಳಿ ಬೀದಿಯ ಒಂದು ಹಳೆಯ ಫೋಟೋ ಬೇಕು. ಮದುವೆಯದ್ದೋ ಹಬ್ಬದ್ದೋ ಆದರೂ ಸರಿ, ಹಿಂದೆ ಚರ್ಚಿನ ಗೋಡೆ ಚೂರು ಕಂಡರೆ ಸಾಕು. ಅದು ಎಲ್ಲಿಂದ ತೆಗೆದದ್ದೆಂದು ಲೆಕ್ಕ ಹಾಕಿ, ಬೇಸಿಗೆಯಲ್ಲಿ ಅದೇ ಜಾಗದಲ್ಲಿ ನಿಂತು ತೆಗೆಯಬಲ್ಲೆ. ಆ ಊರಿನಿಂದ ಎದ್ದುಹೋದ ಮನೆತನದವರು ಇದನ್ನು ಓದುತ್ತಿದ್ದರೆ ಒಮ್ಮೆ ಹಳೆಯ ಆಲ್ಬಂ ತೆರೆದು ನೋಡಿ.