ಮೀಟರಿನ ಅಂಕಿ ಇಳಿದಾಗ

ಬೆಂಗಳೂರಿನ ಸುತ್ತಮುತ್ತ ಕೊಳವೆಬಾವಿಗೆ ಪಾಯಿಂಟ್ ಗುರುತಿಸುವುದು ನನ್ನ ವೃತ್ತಿ. ನೆಲಕ್ಕೆ ನಾಲ್ಕು ಸರಳುಗಳನ್ನು ನೆಟ್ಟು ವಿದ್ಯುತ್ ಹಾಯಿಸಿ, ಅದಕ್ಕೆ ಎಷ್ಟು ತಡೆ ಬರುತ್ತದೆ ಎಂದು ಅಳೆಯುತ್ತೇನೆ. ಸರಳುಗಳ ಅಂತರ ಹೆಚ್ಚಿಸಿದಷ್ಟೂ ಹೆಚ್ಚು ಆಳದ ಸುದ್ದಿ ಸಿಗುತ್ತದೆ. ಇಲ್ಲಿನ ನೈಸ್ (gneiss) ಎಂಬ ಗಟ್ಟಿ ಬಂಡೆಯಲ್ಲಿ ಬಿರುಕಿದ್ದಲ್ಲಿ ಮಾತ್ರ ನೀರು ನಿಲ್ಲುತ್ತದೆ, ನೀರಿದ್ದಲ್ಲಿ ತಡೆ ಕಡಿಮೆ; ಹಾಗಾಗಿ ಆಳದಲ್ಲಿ ಅಂಕಿ ತಟ್ಟನೆ ಇಳಿದರೆ ಜಮೀನಿನವರ ಮುಖ ಅರಳುತ್ತದೆ, ನನ್ನದೂ.

ಅದೇ ಅಭ್ಯಾಸವನ್ನು ಹೊತ್ತು ಲಕ್ಷದ್ವೀಪದ ಕವರತ್ತಿಗೆ ಹೋದಾಗ ಮೊದಲ ದಿನವೇ ಎಡವಿದೆ. ಕೆಲವೇ ಮೀಟರ್ ಆಳದಲ್ಲಿ ಅಂಕಿ ಕುಸಿದದ್ದನ್ನು ಕಂಡು, ಒಳ್ಳೆಯ ನೀರಿದೆ ಎಂದು ಬರೆದುಕೊಂಡೆ. ನೀರೇನೋ ಇತ್ತು, ಆದರೆ ಅದು ಸಮುದ್ರದ್ದು. ಉಪ್ಪುನೀರು ವಿದ್ಯುತ್ತನ್ನು ಸಲೀಸಾಗಿ ಹರಿಯಬಿಡುತ್ತದೆ ಎಂಬ ಪಾಠವನ್ನು ಓದಿದ್ದೆನಾದರೂ ಕೈಗೆ ಅದು ಗೊತ್ತಿರಲಿಲ್ಲ.

ಆ ದ್ವೀಪವೆಲ್ಲ ಹವಳದ ಸುಣ್ಣಕಲ್ಲು ಮತ್ತು ಅದರದೇ ಮರಳು. ಬಿದ್ದ ಮಳೆ ಹರಿಯದೆ ನೇರವಾಗಿ ಇಂಗಿಬಿಡುವುದರಿಂದ ಅಲ್ಲಿ ಹೊಳೆಯೂ ಇಲ್ಲ, ಹಳ್ಳವೂ ಇಲ್ಲ. ಇಂಗಿದ ಸಿಹಿನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ಮಸೂರದ ಆಕಾರದಲ್ಲಿ ತೇಲುತ್ತದೆ. ಅದು ಸಮುದ್ರಮಟ್ಟಕ್ಕಿಂತ 1 ಅಡಿ ಮೇಲೆ ನಿಂತರೆ ಕೆಳಗೆ 40 ಅಡಿ ಸಿಹಿನೀರಿರುತ್ತದೆ ಎಂಬುದು ಪಠ್ಯದ ಲೆಕ್ಕ. ಹವಳದ್ವೀಪದಲ್ಲಿ ಅದನ್ನು ನಂಬಿ ತೋಡಬಾರದು. ಈಚಿನ ಮರಳಿನ ಅಡಿಯಲ್ಲಿರುವ ಹಳೆಯ ಸುಣ್ಣಕಲ್ಲು, ಹಿಮಯುಗದಲ್ಲಿ ಸಮುದ್ರ 100 ಮೀಟರಿಗೂ ಹೆಚ್ಚು ಕೆಳಗಿಳಿದಿದ್ದಾಗ ಬಯಲಿಗೆ ಬಿದ್ದಿತ್ತು. ಇಂಗಾಲದ ಡೈಆಕ್ಸೈಡ್ ಬೆರೆತ ಮಳೆನೀರು ಅದನ್ನು ಕರಗಿಸಿ ಪೊಳ್ಳು ಮಾಡಿತು. ಈಗ ಆ ಪೊಳ್ಳುಗಳಲ್ಲಿ ಉಬ್ಬರವಿಳಿತ ಆಡುತ್ತ ಎರಡೂ ನೀರನ್ನು ಕಲಸುವುದರಿಂದ ಸಿಹಿನೀರಿನ ಪದರ ತೆಳುವಾಗಿಯೇ ಉಳಿಯುತ್ತದೆ.

ಮರುದಿನ ಸರಳುಗಳ ಅಂತರವನ್ನು ಅರ್ಧರ್ಧ ಮೀಟರಿನಷ್ಟೇ ಹೆಚ್ಚಿಸುತ್ತ ಹೋದೆ. ಒಣಮರಳಿನಲ್ಲಿ ಅಂಕಿ ದೊಡ್ಡದಿತ್ತು, ಸಿಹಿನೀರಿನಲ್ಲಿ ಸ್ವಲ್ಪ ಇಳಿಯಿತು, ಉಪ್ಪುನೀರಿನಲ್ಲಿ ನೆಲಕಚ್ಚಿತು. ನನಗೆ ಬೇಕಾದದ್ದು ಆ ನಡುವಿನ ಮೆಟ್ಟಿಲು. ಆಮೇಲೆ ಒಂದು ತೆರೆದ ಬಾವಿಯ ಬಳಿ ಕುಳಿತು ಗಂಟೆಗೊಮ್ಮೆ ಟೇಪು ಇಳಿಸಿದಾಗ, ಕಡಲಿನ ಉಬ್ಬರದ ಹಿಂದೆಯೇ, ಸ್ವಲ್ಪ ತಡವಾಗಿ, ಬಾವಿಯ ನೀರೂ ಏರಿಳಿಯುತ್ತಿತ್ತು.

ದೊಡ್ಡ ಪಂಪು ಹಾಕಿ ಜೋರಾಗಿ ಎಳೆದರೆ ಕೆಳಗಿನ ಉಪ್ಪುನೀರು ಗೋಪುರದಂತೆ ಮೇಲೆದ್ದು ಬಾವಿಯನ್ನು ಕೆಡಿಸುತ್ತದೆ. ಅಲ್ಲಿನ ಹಳೆಯ ಬಾವಿಗಳು ಆಳವಿಲ್ಲದಿರುವುದು ಸೋಮಾರಿತನದಿಂದಲ್ಲ ಎಂಬುದು ನನಗೆ ಹೊಳೆದದ್ದು ಆಗ. ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಕವರತ್ತಿಯಲ್ಲಿ 2005ರಿಂದ ಇದ್ದರೂ, ಬಾವಿಯ ಲೆಕ್ಕ ಬದಲಾಗುವುದಿಲ್ಲ. ದೂರದೂರಕ್ಕೆ ಹಲವು ಆಳವಿಲ್ಲದ ಬಾವಿಗಳನ್ನು ತೋಡಿ, ಪ್ರತಿಯೊಂದರಿಂದಲೂ ಸ್ವಲ್ಪಸ್ವಲ್ಪವೇ ಎತ್ತಬೇಕು ಎಂದು ವರದಿ ಬರೆದೆ. ವೃತ್ತಿಯಲ್ಲಿ ಮೊದಲ ಬಾರಿಗೆ, ಎಷ್ಟು ಅಡಿ ಕೊರೆಯಬೇಕು ಎಂಬ ಕಡೆಯ ಸಾಲಿನ ಬದಲು ಎಷ್ಟು ಅಡಿಗೆ ನಿಲ್ಲಿಸಬೇಕು ಎಂದು ನಮೂದಿಸಿದ್ದೆ.