ಬಾದಾಮಿಯಿಂದ ಮಹಾಕೂಟಕ್ಕೆ ನಡೆದೇ ಹೋಗಿ: ಗುಡ್ಡದ ಹಳೇ ದಾರಿ ಹಿಡಿಯುವುದು ಹೇಗೆ?

ಬಾದಾಮಿ ನೋಡಲು ಬಂದವರು ಹತ್ತಿರದ ಹಳೇ ಶಿವನ ಗುಡಿಗಳ ಜಾಗ ಮಹಾಕೂಟಕ್ಕೂ ಹೋಗುತ್ತಾರೆ. ಕಾರು ನಿಲ್ಲಿಸಿ, ಕೈಮುಗಿದು, ನಾಲ್ಕು ಫೋಟೊ ತೆಗೆದು ಪಟ್ಟದಕಲ್ಲಿಗೆ ಹೊರಟುಬಿಡುತ್ತಾರೆ. ರಸ್ತೆಯಲ್ಲಿ ಅದು ಸುಮಾರು 14 ಕಿ.ಮೀ. ಗುಡ್ಡ ದಾಟುವ ಕಾಲುದಾರಿಯಲ್ಲಿ 5 ಕಿ.ಮೀ. ಆಸುಪಾಸು ಅಷ್ಟೇ. ಮಹಾಕೂಟವನ್ನು ನೋಡಬೇಕಾದದ್ದು ನಡೆದು ಹೋಗಿಯೇ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಚಾಲುಕ್ಯರ ಕಾಲದ ಭಕ್ತರು ಬಂದದ್ದೂ ಹಾಗೇ ಅಲ್ವಾ? ಅವರಿಗಾಗಿ ಕಟ್ಟಿದ ಹಳೇ ಬಾಗಿಲು ಇವತ್ತಿಗೂ ಅಲ್ಲಿ ನಿಂತಿದೆ. ಗಾಡಿಯಲ್ಲಿ ಹೋದ ಹೆಚ್ಚಿನವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಈ ನಡಿಗೆಗೆ ಚಾರಣದ ಅನುಭವ ಬೇಕಿಲ್ಲ. ಒಂದಿಷ್ಟು ಏರು, ಆಮೇಲೆ ಗುಡ್ಡದ ಮೇಲಿನ ಬಯಲು, ಕೊನೆಗೆ ಇಳಿಜಾರು. ನಿಂತು ನೋಡುತ್ತಾ ಹೋದರೂ ಎರಡು ತಾಸು ಸಾಕು. ದಿನಾ ಓಡಾಡುವ ಅಭ್ಯಾಸ ಇದ್ದರೆ ಮಕ್ಕಳು, ಹಿರಿಯರು ಎಲ್ಲರೂ ಬರಬಹುದು.

ಯಾವಾಗ ಹೋಗಬೇಕು?

ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಚೆನ್ನ. ಮಾರ್ಚ್ ಬಂತೆಂದರೆ ಇಲ್ಲಿನ ಕೆಂಪು ಬಂಡೆ ಕಾಯತೊಡಗುತ್ತದೆ, ಏಪ್ರಿಲ್–ಮೇ ತಿಂಗಳಲ್ಲಂತೂ ಬೇಡವೇ ಬೇಡ. ಮಳೆಗಾಲದಲ್ಲಿ ಗುಡ್ಡ ಹಸಿರಾಗಿ ಕಣ್ಣಿಗೆ ಹಬ್ಬ, ಆದರೆ ಪಾಚಿ ಹಿಡಿದ ಕಲ್ಲು ಜಾರುತ್ತದೆ. ಜನವರಿ ಹೊತ್ತಿಗೆ ಬನಶಂಕರಿ ಜಾತ್ರೆ ಇರುತ್ತದೆ. ಬನದ ಹುಣ್ಣಿಮೆಯ ಆಚೆ ಈಚೆ ಬಾದಾಮಿಯಲ್ಲಿ ರೂಮು ಸಿಗುವುದು ಕಷ್ಟ, ಮೊದಲೇ ನೋಡಿಕೊಳ್ಳಿ.

ಹಿಂದಿನ ದಿನ

ಸಂಜೆಯೊಳಗೆ ಬಾದಾಮಿ ಸೇರಿಕೊಳ್ಳಿ. ಬಾಗಲಕೋಟೆ, ವಿಜಯಪುರ, ಗದಗ, ಹುಬ್ಬಳ್ಳಿ ಕಡೆಯಿಂದ ರೈಲಿದೆ. ಸ್ಟೇಷನ್ ಊರಿಂದ 5 ಕಿ.ಮೀ. ದೂರ, ಹೊರಗೇ ಟಂಟಂ ಸಿಗುತ್ತವೆ. ಬಿಸಿಲು ಇಳಿದ ಮೇಲೆ ಅಗಸ್ತ್ಯ ತೀರ್ಥದ ದಂಡೆಗೆ ಹೋಗಿ ಬನ್ನಿ. ಉತ್ತರದ ಗುಡ್ಡದ ಬಂಡೆಯಲ್ಲಿ ಚಾಲುಕ್ಯ ದೊರೆ ಒಂದನೇ ಪುಲಕೇಶಿಯ ಕ್ರಿ.ಶ. 543ರ ಶಾಸನವಿದೆ. ವಾತಾಪಿಯ (ಬಾದಾಮಿಯ ಹಳೇ ಹೆಸರು) ಈ ಗುಡ್ಡಕ್ಕೆ ಕೋಟೆ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ನಾಳೆ ನೀವು ನಡೆಯುವ ದಾರಿಯ ಕಥೆ ಶುರುವಾಗುವುದು ಅಲ್ಲಿಂದಲೇ.

ಕಾಲುದಾರಿ ಎಲ್ಲಿಂದ ಹತ್ತುತ್ತದೆ ಅನ್ನುವುದನ್ನೂ ಅವತ್ತೇ ವಿಚಾರಿಸಿ. ಸುಮ್ನೆ ‘ಮಹಾಕೂಟ ಎಲ್ಲಿ?’ ಎಂದರೆ ಬಸ್ಸಿನ ದಾರಿ ತೋರಿಸುತ್ತಾರೆ. ‘ಮಹಾಕೂಟಕ್ಕ ನಡಕೊಂಡ ಹೋಗೂ ದಾರಿ ಯಾವ್ದ್ರಿ?’ ಎಂದು ಕೇಳಿ. ಮೊದಲ ಸಲ ಹೋಗುವವರು ಊರಿನ ಒಬ್ಬರನ್ನು ಜೊತೆಗೆ ಕರೆದುಕೊಳ್ಳುವುದು ಒಳ್ಳೆಯದು. ಅವರ ಅರ್ಧ ದಿನದ ಕೂಲಿಯನ್ನು ಮೊದಲೇ ಮಾತಾಡಿ, ಚೌಕಾಸಿ ಮಾಡದೆ ಕೊಡಿ.

ಏನೇನು ಬೇಕು?

ಒಬ್ಬರಿಗೆ ಎರಡು ಲೀಟರ್ ನೀರು. ದಾರಿಯಲ್ಲಿ ಅಂಗಡಿ ಇಲ್ಲ. ಹಿಡಿತವಿರುವ ಬೂಟು, ಮುಳ್ಳು ಗೀಚದಂತೆ ಉದ್ದ ಪ್ಯಾಂಟು, ಒಂದು ಕೋಲು. ನಡಿಗೆ ಪೂರ್ವಕ್ಕೆ, ಬೆಳಗಿನ ಬಿಸಿಲು ನೇರ ಮುಖಕ್ಕೇ ಹೊಡೆಯುತ್ತದೆ, ಹಾಗಾಗಿ ಟೋಪಿ ಮರೆಯಬೇಡಿ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ಕೆಡುವ ಚಿಂತೆ ಇಲ್ಲ. ಆದರೆ ತಿಂಡಿಯನ್ನು ಕೈಯಲ್ಲಿ ಹಿಡಿಯಬೇಡಿ, ಬ್ಯಾಗಿನೊಳಗೇ ಇರಲಿ. ಬಾದಾಮಿಯ ಮಂಗಗಳು ಪ್ಲಾಸ್ಟಿಕ್ ಚೀಲ ಕಂಡರೆ ಬಿಡುವುದಿಲ್ಲ. ಕೊಳದಲ್ಲಿ ಇಳಿಯುವ ಆಸೆ ಇದ್ದರೆ ಒಂದು ಜೊತೆ ಬಟ್ಟೆ, ಟವೆಲ್ಲು.

ಗುಡ್ಡದ ಮೇಲೆ

ಬೆಳಿಗ್ಗೆ ಆರೂವರೆಗೆಲ್ಲ ಹೊರಡಿ. ಮೊದಲ ಏರಿನಲ್ಲಿ ಅವಸರ ಬೇಡ, ಉಸಿರು ಸಮ ಆಗಲಿ. ಮೇಲೆ ಹತ್ತಿದ ಮೇಲೆ ಕಾಣುವುದು ಮಲೆನಾಡಿನಂಥ ದಟ್ಟ ಕಾಡಲ್ಲ. ಕುರುಚಲು ಗಿಡಗಳ ಒಣ ಕಾಡು: ಜಾಲಿ, ಕಾರೆ, ಕವಳಿ, ಬಾರಿ, ಪಾಪಾಸುಕಳ್ಳಿ, ಅಲ್ಲಲ್ಲಿ ಸೀತಾಫಲ. ದೂರದಲ್ಲಿ ನವಿಲು ಕೂಗುವುದು ಕೇಳಬಹುದು.

ಇಲ್ಲಿ ಬಂಡೆಯನ್ನೂ ನೋಡಿ. ಇದು ಮರಳುಗಲ್ಲು. ಒಂದು ಕಾಲದಲ್ಲಿ ನೀರಿನ ತಳದಲ್ಲಿ ಪದರ ಪದರವಾಗಿ ಕೂತ ಮರಳು ಗಟ್ಟಿಯಾಗಿ ಈ ಗುಡ್ಡಗಳಾಗಿವೆ. ಕೆಲವು ಬಂಡೆಗಳ ಮೈಮೇಲೆ ಹೊಳೆಯ ದಂಡೆಯ ಮರಳಿನಲ್ಲಿರುವಂಥದ್ದೇ ಅಲೆ ಅಲೆ ಗೆರೆಗಳಿರುತ್ತವೆ, ಕೈ ಆಡಿಸಿದರೆ ಬೆರಳಿಗೆ ಸಿಗುತ್ತವೆ. ಪದರ ಪದರವಾಗಿ ಏಳುವ ಈ ಕಲ್ಲು ಇಷ್ಟು ಹತ್ತಿರದಲ್ಲಿ ಸಿಕ್ಕಿದ್ದರಿಂದಲೇ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲಿ ಅಷ್ಟೊಂದು ಗುಡಿ ಎದ್ದವು.

ದಾರಿ ತಪ್ಪಿಸುವುದು ಕುರಿ, ಆಡುಗಳ ಜಾಡು. ಅವೂ ಕಾಲುದಾರಿಯ ಹಾಗೇ ಕಾಣುತ್ತವೆ, ಆದರೆ ಪೊದೆಯಲ್ಲಿ ಹೋಗಿ ಮುಗಿಯುತ್ತವೆ. ಅನುಮಾನ ಬಂದ ಕೂಡಲೇ ಮುಂದೆ ಹೋಗಬೇಡಿ, ದಾರಿ ಖಚಿತವಿದ್ದ ಕೊನೆಯ ಜಾಗಕ್ಕೆ ವಾಪಸ್ ಬನ್ನಿ. ಫೋನಿನ ಸಿಗ್ನಲ್ ನೆಚ್ಚಬೇಡಿ, ನಕ್ಷೆಯನ್ನು ಊರಲ್ಲೇ ಇಳಿಸಿಕೊಂಡಿರಿ. ಕುರಿ ಕಾಯುವವರು ಸಿಕ್ಕರೆ ‘ಯಜ್ಜಾ, ಮಹಾಕೂಟಕ್ಕ ಹಿಂಗ ಹೋಗಬೇಕೇನ್ರಿ?’ ಅಂದರೆ ಸಾಕು, ನಕ್ಷೆಗಿಂತ ಚೆನ್ನಾಗಿ ಹೇಳುತ್ತಾರೆ. ಹುಲ್ಲು ಎತ್ತರಕ್ಕೆ ಬೆಳೆದಿದ್ದ ಕಡೆ ಕೋಲಿನಿಂದ ನೆಲ ತಟ್ಟುತ್ತಾ ನಡೆಯಿರಿ, ಹಾವಿದ್ದರೆ ಸರಿದು ಹೋಗುತ್ತದೆ.

ಹಳೇ ಬಾಗಿಲು

ಇಳಿಜಾರು ಮುಗಿಯುವ ಹೊತ್ತಿಗೆ ಬಾಗಿಲು ಹುಡುಕಿ. ಗಾಡಿಗಳು ನಿಲ್ಲುವ ಕಡೆ ಅಲ್ಲ ಅದು, ಗುಡ್ಡದ ಕಡೆಗಿದೆ. ಎರಡೂ ಬದಿಗೆ ಕಾಳ ಮತ್ತು ಕಾಳಿ ಎಂದು ಕರೆಯುವ ಮೂರ್ತಿಗಳಿವೆ. ಬೇರೆ ಗುಡಿಗಳ ದ್ವಾರಪಾಲಕರಂತೆ ಮೈತುಂಬಿಕೊಂಡವರಲ್ಲ, ಬರೀ ಅಸ್ಥಿಪಂಜರ. ಪಕ್ಕೆಲುಬು ಒಂದೊಂದಾಗಿ ಎಣಿಸಬಹುದು, ಹೊಟ್ಟೆ ಬೆನ್ನಿಗೆ ಹತ್ತಿದೆ. ಬಿಸಿಲಲ್ಲಿ ಗುಡ್ಡ ದಾಟಿ ದಣಿದು ಬಂದವರಿಗೆ ಎದುರಾಗುವುದು ಈ ಮುಖಗಳು. ದೇವರ ಹತ್ತಿರ ಹೋಗುವ ಮೊದಲು ಸಾವನ್ನು ದಾಟಿ ಹೋಗು ಎಂದೇ ಇಟ್ಟಿರಬೇಕು ಎನಿಸುತ್ತದೆ ನನಗೆ. ಕುಂಕುಮ, ಎಣ್ಣೆ ಹಚ್ಚಬೇಡಿ, ಒರಗಿ ನಿಲ್ಲಬೇಡಿ. ಮರಳುಗಲ್ಲು ಮೃದು, ಮುಟ್ಟಿದಷ್ಟೂ ಸವೆಯುತ್ತದೆ.

ಗುಡಿಗಳ ಅಂಗಳದಲ್ಲಿ

ಒಳಗೆ ದೊಡ್ಡ ಮರಗಳ ನೆರಳು, ನಡುವೆ ಊಟೆಯ ನೀರಿನ ಪುಷ್ಕರಿಣಿ. ನೀರಿನಲ್ಲೇ ಪುಟ್ಟ ಮಂಟಪ, ಅದರೊಳಗೆ ಮುಖಗಳಿರುವ ಲಿಂಗ. ಜನ ಇಳಿದು ಸ್ನಾನ ಮಾಡುತ್ತಾರೆ, ನೀವೂ ಮಾಡಿ. ಸೋಪು, ಶಾಂಪೂ ಮಾತ್ರ ಬೇಡ.

ಆಮೇಲೆ ಶಿಖರಗಳನ್ನು ನೋಡಿ. ಮಹಾಕೂಟೇಶ್ವರ, ಮಲ್ಲಿಕಾರ್ಜುನ ಗುಡಿಗಳದ್ದು ಅಂತಸ್ತು ಅಂತಸ್ತಾಗಿ ಏರುವ ದ್ರಾವಿಡ ಶೈಲಿ. ಕೊಳದ ಪಕ್ಕದ ಸಂಗಮೇಶ್ವರದ ಶಿಖರ ಬಾಗಿ ಮೇಲೇರುವ ನಾಗರ ಶೈಲಿ. ದಕ್ಷಿಣದ್ದೂ ಉತ್ತರದ್ದೂ ಒಂದೇ ಅಂಗಳದಲ್ಲಿವೆ. ಮಕ್ಕಳಿಗೆ ಎರಡನ್ನೂ ತೋರಿಸಿ ವ್ಯತ್ಯಾಸ ಕೇಳಿ, ತಾವೇ ಹೇಳುತ್ತಾರೆ.

ಮಹಾಕೂಟೇಶ್ವರ ಗುಡಿಯ ಮುಖಮಂಟಪದಲ್ಲಿ ಒಂದು ಕನ್ನಡ ಶಾಸನವಿದೆ. ರಾಜ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಛತ್ರಿ, ಭೂಮಿ ಕೊಟ್ಟದ್ದು ಅದರಲ್ಲಿದೆ. ವಿಜಯಾದಿತ್ಯ ಆಳಿದ್ದು 696ರಿಂದ 733ರವರೆಗೆ. ರಾಣಿ ಎಂದು ಕರೆಸಿಕೊಳ್ಳದ ಈ ಹೆಣ್ಣುಮಗಳು ತನ್ನ ತಾಯಿ, ಅಜ್ಜಿಯ ಹೆಸರನ್ನೂ ಬರೆಸಿದ್ದಾಳೆ: ಕುಚಿಪೋಟಿ, ರೇವಮಂಚಳು. ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ಒಂದೇ ಮನೆಯ ಮೂರು ತಲೆಮಾರಿನ ಹೆಂಗಸರ ಹೆಸರು ಆ ಕಲ್ಲಲ್ಲಿದೆ. ಇದೊಂದಕ್ಕಾದರೂ ಐದು ನಿಮಿಷ ಅಲ್ಲಿ ನಿಲ್ಲಿ.

ವಾಪಸ್ ಬರುವುದು

ಹತ್ತೂವರೆ ದಾಟಿದ ಮೇಲೆ ಅದೇ ಗುಡ್ಡ ಹತ್ತುವ ಸಾಹಸ ಬೇಡ. ಬಾದಾಮಿಯ ಟಂಟಂ ಇಲ್ಲವೇ ಆಟೊದವರಿಗೆ ಇಷ್ಟು ಹೊತ್ತಿಗೆ ಮಹಾಕೂಟಕ್ಕೆ ಬನ್ನಿ ಎಂದು ಮೊದಲೇ ಹೇಳಿಟ್ಟರೆ ರಸ್ತೆಯಲ್ಲಿ ಆರಾಮಾಗಿ ಮರಳಬಹುದು. ಮಧ್ಯಾಹ್ನದ ಊಟಕ್ಕೆ ಬನಶಂಕರಿಗೆ ಹೋಗಿ. ಗುಡಿಯ ಹತ್ತಿರ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಮೊಸರು ತಂದು ಮಾರುತ್ತಾರೆ.

ಮಹಾಕೂಟದ ಒಂದು ಮುಖ್ಯ ವಸ್ತು ಮಾತ್ರ ಈಗ ಅಲ್ಲಿಲ್ಲ. ಚಾಲುಕ್ಯ ದೊರೆ ಮಂಗಳೇಶ ನಿಲ್ಲಿಸಿದ ಧರ್ಮಜಯಸ್ತಂಭ ವಿಜಯಪುರದ ಗೋಳಗುಮ್ಮಟದ ಮುಂದಿನ ಮ್ಯೂಸಿಯಂನಲ್ಲಿದೆ. ಕ್ರಿ.ಶ. 602ರದ್ದು ಎನ್ನಲಾಗುವ ಅದರ ಶಾಸನ, ಒಂದನೇ ಪುಲಕೇಶಿಯ ರಾಣಿ ದುರ್ಲಭದೇವಿ ಈ ದೇವರಿಗೆ ಹತ್ತು ಹಳ್ಳಿ ಬಿಟ್ಟದ್ದನ್ನು ಹೇಳುತ್ತದೆ. ರೈಲಿನಲ್ಲಿ ವಿಜಯಪುರದ ಕಡೆ ಹೋಗುವವರಾದರೆ ಅಲ್ಲೂ ಇಳಿದು ನೋಡಿ. ಮ್ಯೂಸಿಯಂಗೆ ಶುಕ್ರವಾರ ರಜೆ.